ಅಪ್‌ಗ್ರೇಡ್ ಆದ ಮೇಲೆ ‘ನೋ ಮ್ಯಾಚಸ್ ಫಾರ್ ಕೈಂಡ್’: ಕುಬರ್ನೆಟಿಸ್‌ನಲ್ಲಿ ತೆಗೆದುಹಾಕಿದ ಬೀಟಾ ಎಪಿಐಗಳನ್ನು ಹುಡುಕಿ ಸರಿಪಡಿಸುವುದು

ಕುಬರ್ನೆಟಿಸ್ (ಕಂಟೇನರ್‌ಗಳಲ್ಲಿರುವ ಆಪ್‌ಗಳನ್ನು ಹಲವು ಯಂತ್ರಗಳ ಮೇಲೆ ಓಡಿಸುವ ವ್ಯವಸ್ಥೆ) ಕ್ಲಸ್ಟರಿನ ಅಪ್‌ಗ್ರೇಡ್ ಮುಗಿದಿದೆ. ಪಾಡ್‌ಗಳು (ಆಪ್‌ನ ಕಂಟೇನರ್‌ಗಳು ಓಡುವ ಘಟಕಗಳು) ಓಡುತ್ತಿವೆ, ಸೈಟ್ ತೆರೆಯುತ್ತಿದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಲ್ಲೂ ಇಲ್ಲ. ಎರಡು ದಿನ ಬಿಟ್ಟು ಯಾರೋ ಒಂದು ಸಣ್ಣ ಬದಲಾವಣೆಯನ್ನು ಡಿಪ್ಲಾಯ್ ಮಾಡಲು ಹೋಗುತ್ತಾರೆ. ಪೈಪ್‌ಲೈನ್ ಅಲ್ಲೇ ನಿಂತುಬಿಡುತ್ತದೆ. ಲಾಗ್‌ನಲ್ಲಿ ಈ ಸಾಲು:

‘ನೋ ಮ್ಯಾಚಸ್ ಫಾರ್ ಕೈಂಡ್ ಇಂಗ್ರೆಸ್ ಇನ್ ವರ್ಶನ್ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1’

ಇಂಗ್ರೆಸ್ ಅಂದರೆ ಹೊರಗಿನ ವೆಬ್ ಕೋರಿಕೆಗಳನ್ನು ಒಳಗಿನ ಸರ್ವೀಸ್‌ಗಳಿಗೆ ಕಳಿಸುವ ನಿಯಮ. ಅದರ ಈ ಹಳೆ ಬೀಟಾ ಆವೃತ್ತಿ ಸರ್ವರ್‌ಗೆ ಗೊತ್ತಿಲ್ಲ ಎಂಬುದು ಸಾಲಿನ ಅರ್ಥ. ಕುಬರ್ನೆಟಿಸ್ ಯೋಜನೆ ತನ್ನ ಬೀಟಾ (ಇನ್ನೂ ಸ್ಥಿರವಾಗದ) ಎಪಿಐಗಳನ್ನು ಹಂತಹಂತವಾಗಿ ತೆಗೆಯುತ್ತಾ ಬಂದಿದೆ. ಪ್ರತಿ ಸಲವೂ ಒಂದಷ್ಟು ತಂಡಗಳು ಇದೇ ಜಾಗದಲ್ಲಿ ಸಿಕ್ಕಿಬೀಳುತ್ತವೆ. ಫೈಲಿನ ಮೊದಲ ಸಾಲು ಬದಲಿಸಿದರೆ ಎರರ್ ಹೋಗುತ್ತದೆ, ನಿಜ. ಆದರೆ ಹಳೆ ಆವೃತ್ತಿಯನ್ನು ಕರೆಯುವವರು ಇನ್ನೂ ಎಲ್ಲೆಲ್ಲಿ ಇದ್ದಾರೆ? ಹೊಸ ಆವೃತ್ತಿಯಲ್ಲಿ ಯಾವ ಡೀಫಾಲ್ಟ್ ಬದಲಾಗಿದೆ? ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೂ ದುರಸ್ತಿ ಆಗಿಲ್ಲ ಅಂತಲೇ ತಿಳಿಯಿರಿ. ಮುಂದಿನದೆಲ್ಲಾ ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ಮಾಡಬಾರದ್ದು

ಡೇಟಾ ಎಲ್ಲೂ ಹೋಗಿಲ್ಲ. ಇದು ಮನಸ್ಸಿಗೆ ಬಂದರೆ ಅರ್ಧ ಗಾಬರಿ ಇಳಿಯುತ್ತದೆ. ಹಳೆ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಇಂಗ್ರೆಸ್ ಮತ್ತು ಹೊಸ ನೆಟ್‌ವರ್ಕಿಂಗ್ ವಿ1 ಇಂಗ್ರೆಸ್ ಬೇರೆ ಬೇರೆ ವಸ್ತುಗಳಲ್ಲ. ಇಟಿಸಿಡಿಯಲ್ಲಿ, ಅಂದರೆ ಕ್ಲಸ್ಟರಿನ ಡೇಟಾಬೇಸಿನಲ್ಲಿ, ಇರುವುದು ಒಂದೇ ದಾಖಲೆ. ಎಪಿಐ ಸರ್ವರ್ ಅದನ್ನು ನೀವು ಕೇಳಿದ ಆವೃತ್ತಿಗೆ ಪರಿವರ್ತಿಸಿ ಕೊಡುತ್ತದೆ. ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಒಂದು ಬಾಗಿಲು ಮುಚ್ಚಿದ್ದಾರೆ, ಮನೆ ಹಾಗೇ ಇದೆ. ಓಡುತ್ತಿರುವ ಪಾಡ್‌ಗಳಿಗೆ ಏನೂ ಆಗದಿರುವುದು ಇದೇ ಕಾರಣಕ್ಕೆ.

ಹಾಗಾಗಿ ವಸ್ತುವನ್ನು ಅಳಿಸಿ ಮತ್ತೆ ಸೃಷ್ಟಿಸುವ ಆತುರ ಬೇಡ. ಇಂಗ್ರೆಸ್ ಅಳಿಸಿದರೆ ಅದಕ್ಕೆ ಅಂಟಿಕೊಂಡಿದ್ದ ಕ್ಲೌಡ್ ಲೋಡ್ ಬ್ಯಾಲೆನ್ಸರ್ ಮತ್ತು ಅದರ ಐಪಿ ವಿಳಾಸ ಕೂಡ ಹೋಗಬಹುದು. ಆಗ ಸಣ್ಣ ತೊಂದರೆ ನಿಜವಾದ ಔಟೇಜ್ ಆಗುತ್ತದೆ. ಕ್ಲಸ್ಟರನ್ನು ನಿಯಂತ್ರಿಸುವ ಕಂಟ್ರೋಲ್ ಪ್ಲೇನ್ ಅನ್ನು ಹಿಂದಿನ ಆವೃತ್ತಿಗೆ ಇಳಿಸುವ ಯೋಚನೆಯನ್ನೂ ಬಿಡಿ. ಬಹಳ ಕಡೆ ಅದಕ್ಕೆ ಅವಕಾಶವೇ ಇಲ್ಲ, ಇದ್ದರೂ ಸುರಕ್ಷಿತ ಅಲ್ಲ.

ನಿಜವಾಗಲೂ ತೆಗೆದಿದ್ದಾರಾ?

ಇದೇ ಎರರ್ ಬೇರೆ ಕಾರಣಕ್ಕೂ ಬರುತ್ತದೆ. ಅದಕ್ಕೇ ಮೊದಲು ಸರ್ವರ್ ಏನು ಕೊಡುತ್ತಿದೆ ಅಂತ ಅದನ್ನೇ ಕೇಳಿ. ಕ್ಯೂಬ್‌ಸಿಟಿಎಲ್ ಎಂಬುದು ಕುಬರ್ನೆಟಿಸ್‌ನ ಕಮಾಂಡ್ ಲೈನ್ ಉಪಕರಣ. ‘ಕ್ಯೂಬ್‌ಸಿಟಿಎಲ್ ಎಪಿಐ-ವರ್ಶನ್ಸ್’ ಓಡಿಸಿದರೆ ಸದ್ಯ ಲಭ್ಯ ಇರುವ ಗುಂಪು ಮತ್ತು ಆವೃತ್ತಿಗಳ ಪಟ್ಟಿ ಬರುತ್ತದೆ. ‘ಎಪಿಐ-ರಿಸೋರ್ಸಸ್’ ಓಡಿಸಿದರೆ ಯಾವ ಕೈಂಡ್ (ವಸ್ತುವಿನ ಬಗೆ) ಯಾವ ಗುಂಪಿನಲ್ಲಿದೆ ಎಂದು ಗೊತ್ತಾಗುತ್ತದೆ.

ನಿಮ್ಮ ಆವೃತ್ತಿ ಪಟ್ಟಿಯಲ್ಲಿ ಇಲ್ಲವಾ? ಆಗ ಕೆಲವು ಸಾಧ್ಯತೆಗಳಿವೆ. ಅದು ತೆಗೆದುಹಾಕಿದ ಬೀಟಾ ಆಗಿರಬಹುದು. ಅಥವಾ ಯಾರೂ ಆನ್ ಮಾಡದ ಬೀಟಾ ಆಗಿರಬಹುದು. 2022ರಲ್ಲಿ ಬಂದ 1.24ರಿಂದ ಹೊಸ ಬೀಟಾ ಎಪಿಐಗಳು ತಾವಾಗಿಯೇ ಆನ್ ಆಗಿರುವುದಿಲ್ಲ. ಕೈಂಡ್ ಒಂದು ಸಿಆರ್‌ಡಿಯಿಂದ (ಕುಬರ್ನೆಟಿಸ್‌ಗೆ ಹೊಸ ಬಗೆಯ ವಸ್ತು ಸೇರಿಸುವ ವ್ಯಾಖ್ಯೆ) ಬಂದಿದ್ದರೆ ಆ ಸಿಆರ್‌ಡಿಯನ್ನೇ ಇನ್‌ಸ್ಟಾಲ್ ಮಾಡದೆ ಇರಬಹುದು. ಇನ್ನೊಂದು ಪುಟ್ಟ ಕಾರಣ ಇದೆ. ಕ್ಯೂಬ್‌ಸಿಟಿಎಲ್ ತನ್ನ ಎಪಿಐ ಪಟ್ಟಿಯನ್ನು ನಿಮ್ಮ ಯಂತ್ರದ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅಪ್‌ಗ್ರೇಡ್ ಆದ ಕೂಡಲೇ ಅದು ಹಳೆಯದಾಗಿರಬಹುದು. ಹೋಮ್ ಡೈರೆಕ್ಟರಿಯ ಕ್ಯೂಬ್ ಫೋಲ್ಡರಿನಲ್ಲಿರುವ ಕ್ಯಾಶ್ ಅಳಿಸಿ, ಒಮ್ಮೆ ಮತ್ತೆ ನೋಡಿ.

ತೆಗೆದದ್ದೇ ನಿಜ ಎಂದಾದರೆ ಯಾವ ಅಪ್‌ಗ್ರೇಡಿನಲ್ಲಿ ಹೋಯಿತು ಅಂತ ಗೊತ್ತಿದ್ದರೆ ಹುಡುಕಾಟ ಸಲೀಸು. 2019ರ 1.16ರಲ್ಲಿ ಡಿಪ್ಲಾಯ್‌ಮೆಂಟ್, ಡೀಮನ್‌ಸೆಟ್, ರೆಪ್ಲಿಕಾಸೆಟ್‌ಗಳ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಹೋಯಿತು. ಆಪ್ಸ್ ಗುಂಪಿನ ವಿ1ಬೀಟಾ1 ಮತ್ತು ವಿ1ಬೀಟಾ2 ಕೂಡ ಆಗಲೇ ಹೋದವು. 2021ರ ಆಗಸ್ಟಿನಲ್ಲಿ ಬಂದ 1.22 ಎಲ್ಲಕ್ಕಿಂತ ದೊಡ್ಡ ಹೊಡೆತ. ಇಂಗ್ರೆಸ್, ಸಿಆರ್‌ಡಿ, ಅಡ್ಮಿಷನ್ ವೆಬ್‌ಹುಕ್, ಆರ್‌ಬ್ಯಾಕ್, ಸರ್ಟಿಫಿಕೇಟ್ ಸೈನಿಂಗ್ ರಿಕ್ವೆಸ್ಟ್, ಹೀಗೆ ಅನೇಕ ಬೀಟಾಗಳು ಒಟ್ಟಿಗೆ ಹೋದವು. 2022ರ 1.25ರಲ್ಲಿ ಕ್ರಾನ್‌ಜಾಬ್, ಪಾಡ್ ಡಿಸ್ರಪ್ಷನ್ ಬಜೆಟ್, ಎಂಡ್‌ಪಾಯಿಂಟ್‌ಸ್ಲೈಸ್‌ಗಳ ಬೀಟಾ ಮತ್ತು ಪಾಡ್ ಸೆಕ್ಯುರಿಟಿ ಪಾಲಿಸಿ. 1.26ರಲ್ಲಿ ಆಟೋಸ್ಕೇಲಿಂಗ್/ವಿ2ಬೀಟಾ2. ಫ್ಲೋ ಕಂಟ್ರೋಲ್ ಎಪಿಐನ ಒಂದೊಂದು ಬೀಟಾ 1.26, 1.29, 1.32ರಲ್ಲಿ ಹೋದವು.

ಯಾರು ಕರೆಯುತ್ತಿದ್ದಾರೆ?

ಕೆಲಸದ ಬಹುಪಾಲು ಇಲ್ಲಿದೆ. ಇಲ್ಲಿ ಜನ ದಾರಿ ತಪ್ಪುವುದಕ್ಕೂ ಒಂದು ಸಾಮಾನ್ಯ ಕಾರಣ ಇದೆ.

ಹೆಚ್ಚಿನವರು ಮೊದಲು ಮಾಡುವುದು ‘ಕ್ಯೂಬ್‌ಸಿಟಿಎಲ್ ಗೆಟ್ ಇಂಗ್ರೆಸ್’ ಕೊಟ್ಟು ಯಾಮಲ್ (ವಸ್ತುವಿನ ವಿವರ ಇರುವ ಪಠ್ಯ) ನೋಡುವುದು. ಅಲ್ಲಿ ಎಪಿಐ ಆವೃತ್ತಿ ವಿ1 ಅಂತ ಕಾಣುತ್ತದೆ. ‘ನಮ್ಮದೆಲ್ಲಾ ಹೊಸದೇ ಇದೆ’ ಎಂದು ಮುಂದೆ ಹೋಗುತ್ತಾರೆ. ಆದರೆ ಗೆಟ್ ತೋರಿಸುವುದು ಸರ್ವರ್‌ಗೆ ಇಷ್ಟವಾದ ಆವೃತ್ತಿಯನ್ನು. ನಿಮ್ಮ ಫೈಲಿನಲ್ಲಿ ಏನು ಬರೆದಿದೆ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದರ ಉಲ್ಟಾ ಕೂಡ ಆಗಿದೆ. ಹೊಸ ಗುಂಪಿನ ಹೆಸರಿನಲ್ಲೇ ಇಂಗ್ರೆಸ್ ಹಾಕಿದವರಿಗೆ ಹಳೆ ಕ್ಲಸ್ಟರ್‌ಗಳು ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಎಂದು ತೋರಿಸಿ ಸುಮ್ನೆ ಹೆದರಿಸಿದ್ದವು.

ಒಂದು ವಸ್ತುವಿನ ನಿಜವಾದ ಜಾಡು ಬೇಕಾದರೆ ಎರಡು ಕಡೆ ನೋಡಿ. ‘ಅಪ್ಲೈ’ ಮೂಲಕ ಹಾಕಿದ್ದರೆ ಲಾಸ್ಟ್ ಅಪ್ಲೈಡ್ ಕಾನ್ಫಿಗರೇಷನ್ ಎಂಬ ಅನೊಟೇಷನ್ ಇರುತ್ತದೆ. ಅದರೊಳಗೆ ಮೂಲ ಫೈಲಿನ ಎಪಿಐ ಆವೃತ್ತಿ ಹಾಗೇ ಇರುತ್ತದೆ. ಇನ್ನೊಂದು ಮ್ಯಾನೇಜ್ಡ್ ಫೀಲ್ಡ್ಸ್. ಕ್ಯೂಬ್‌ಸಿಟಿಎಲ್ ಅದನ್ನು ಸಾಮಾನ್ಯವಾಗಿ ಅಡಗಿಸುತ್ತದೆ, ‘ಶೋ-ಮ್ಯಾನೇಜ್ಡ್-ಫೀಲ್ಡ್ಸ್’ ಕೊಟ್ಟರೆ ಕಾಣುತ್ತದೆ. ಯಾವ ಪ್ರೋಗ್ರಾಂ ಯಾವ ಆವೃತ್ತಿಯಲ್ಲಿ ಯಾವ ಫೀಲ್ಡ್ ಬರೆಯಿತು ಅಂತ ಅಲ್ಲಿ ದಾಖಲಾಗಿರುತ್ತದೆ. ನನಗೆ ಇದು ಜಾಸ್ತಿ ನಂಬಿಕೆಯ ಜಾಗ. ಮನುಷ್ಯರು ಹಾಕಿದ್ದು, ಕಂಟ್ರೋಲರ್ (ಕ್ಲಸ್ಟರಿನಲ್ಲಿ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಹಾಕಿದ್ದು, ಎರಡೂ ಅಲ್ಲಿ ಸಿಗುತ್ತವೆ.

ಇಡೀ ಕ್ಲಸ್ಟರ್ ನೋಡಬೇಕಾದರೆ ಎಪಿಐ ಸರ್ವರ್‌ನ ಮೆಟ್ರಿಕ್ಸ್ ತೆಗೆಯಿರಿ. 1.19ರಿಂದ ‘ಎಪಿಐಸರ್ವರ್ ರಿಕ್ವೆಸ್ಟೆಡ್ ಡೆಪ್ರಿಕೇಟೆಡ್ ಎಪಿಐಸ್’ ಎಂಬ ಅಳತೆ ಅಲ್ಲಿದೆ. ಡೆಪ್ರಿಕೇಟ್ ಆದ, ಅಂದರೆ ಮುಂದೆ ತೆಗೆಯುತ್ತೇವೆ ಎಂದು ಸಾರಿದ, ಆವೃತ್ತಿಯನ್ನು ಯಾರಾದರೂ ಒಮ್ಮೆ ಕರೆದರೂ ಅದು 1 ಆಗುತ್ತದೆ. ಯಾವ ಗುಂಪು, ಯಾವ ಆವೃತ್ತಿ, ಯಾವ ಬಿಡುಗಡೆಯಲ್ಲಿ ತೆಗೆಯುತ್ತಾರೆ ಎಂಬುದೂ ಲೇಬಲ್‌ನಲ್ಲಿ ಇರುತ್ತದೆ. ಆದರೆ ಕರೆದವರ ಹೆಸರು ಇರುವುದಿಲ್ಲ. ಸರ್ವರ್ ರೀಸ್ಟಾರ್ಟ್ ಆದರೆ ಲೆಕ್ಕ ಹೊಸದಾಗಿ ಶುರು ಆಗುತ್ತದೆ. ಬೆಳಿಗ್ಗೆ ಒಮ್ಮೆ ನೋಡಿ ‘ಏನೂ ಇಲ್ಲ’ ಎಂದರೆ ಸಾಲದು. ತಿಂಗಳಿಗೊಮ್ಮೆ ಓಡುವ ಸ್ಕ್ರಿಪ್ಟ್ ಆ ದಿನ ಬಂದಿರುವುದೇ ಇಲ್ಲ ಅಲ್ವಾ? ಪ್ರೊಮೀಥಿಯಸ್‌ನಂಥ ಕಡೆ ಇದನ್ನು ಕೂಡಿಟ್ಟು, ಕನಿಷ್ಠ ಒಂದು ತಿಂಗಳ ಚಕ್ರ ನೋಡಿ.

ಕರೆದವರ ಗುರುತು ಆಡಿಟ್ ಲಾಗ್‌ನಲ್ಲಿ ಸಿಗುತ್ತದೆ. ಡೆಪ್ರಿಕೇಟ್ ಆದ ಎಪಿಐ ಕರೆಗೆ ಸರ್ವರ್ ‘ಡೆಪ್ರಿಕೇಟೆಡ್: ಟ್ರೂ’ ಎಂಬ ಅನೊಟೇಷನ್ ಹಾಕುತ್ತದೆ. ಅದರ ಮೇಲೆ ಫಿಲ್ಟರ್ ಮಾಡಿ, ಯೂಸರ್ ಏಜೆಂಟ್ ಮತ್ತು ಸರ್ವೀಸ್ ಅಕೌಂಟ್ ನೋಡಿ. ಆಗ ಉತ್ತರ ಸಾಮಾನ್ಯವಾಗಿ ಯಾರೂ ಎಣಿಸಿರದ ಕಡೆಯಿಂದ ಬರುತ್ತದೆ. ಎರಡು ವರ್ಷ ಹಳೆಯ ಮಾನಿಟರಿಂಗ್ ಎಕ್ಸ್‌ಪೋರ್ಟರ್. ಟೆರಾಫಾರ್ಮ್‌ನ ಹಳೆ ಪ್ರೊವೈಡರ್. ಯಾರೋ ಬಿಟ್ಟುಹೋದ ಆಪರೇಟರ್ (ಒಂದು ಆಪ್ ನೋಡಿಕೊಳ್ಳುವ ಕಂಟ್ರೋಲರ್). ಇವು ಮ್ಯಾನಿಫೆಸ್ಟ್ (ವಸ್ತುವಿನ ವಿವರ ಬರೆದ ಫೈಲ್) ಬಳಸುವುದಿಲ್ಲ, ತಮ್ಮ ಕೋಡಿನಲ್ಲೇ ವಿ1ಬೀಟಾ1 ಕ್ಲೈಂಟ್ ಇಟ್ಟುಕೊಂಡಿರುತ್ತವೆ. ಗಿಟ್ ರೆಪೋದಲ್ಲಿ ಎಷ್ಟು ಹುಡುಕಿದರೂ ಇವು ಸಿಗುವುದಿಲ್ಲ. ಅಪ್‌ಗ್ರೇಡ್ ಆದ ಮೇಲೆ ಇವುಗಳ ಲಾಗ್‌ನಲ್ಲಿ ಮಾತ್ರ ‘ಫೇಲ್ಡ್ ಟು ಲಿಸ್ಟ್ ವಿ1ಬೀಟಾ1 ಪಾಡ್ ಡಿಸ್ರಪ್ಷನ್ ಬಜೆಟ್: ದ ಸರ್ವರ್ ಕುಡ್ ನಾಟ್ ಫೈಂಡ್ ದ ರಿಕ್ವೆಸ್ಟೆಡ್ ರಿಸೋರ್ಸ್’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಮದ್ದು ಆ ಕಂಟ್ರೋಲರ್ ಅನ್ನೇ ಅಪ್‌ಗ್ರೇಡ್ ಮಾಡುವುದು. ಇಂಗ್ರೆಸ್-ಎನ್‌ಜಿನ್‌ಎಕ್ಸ್ ಒಳ್ಳೆಯ ಉದಾಹರಣೆ. ಅದರ 1.0 ಆವೃತ್ತಿ ಬಂದಾಗಿನಿಂದ ನೆಟ್‌ವರ್ಕಿಂಗ್ ವಿ1 ಮಾತ್ರ ಬಳಸುತ್ತದೆ. 1.22ಕ್ಕೆ ಹೋಗುವ ಮೊದಲು ಅಲ್ಲಿಗೆ ಬಂದಿರಲೇಬೇಕಿತ್ತು. ಆ 1.0 ಓಡಲು ಕ್ಲಸ್ಟರ್ ಕನಿಷ್ಠ 1.19 ಇರಬೇಕು. ಮೊದಲು ಕಂಟ್ರೋಲರ್, ಆಮೇಲೆ ಕ್ಲಸ್ಟರ್ ಎಂಬ ಕ್ರಮ ಇದರಿಂದಲೇ ಬರುತ್ತದೆ.

ಫೈಲುಗಳ ಮಟ್ಟದಲ್ಲಿ ಹುಡುಕಲು ಪ್ಲೂಟೋ ಮತ್ತು ಕ್ಯೂಬ್-ನೋ-ಟ್ರಬಲ್ ಎಂಬ ಎರಡು ಓಪನ್ ಸೋರ್ಸ್ ಉಪಕರಣಗಳಿವೆ. ಎರಡೂ ಚೆನ್ನಾಗಿವೆ, ಕುಬರ್ನೆಟಿಸ್‌ನ ಪ್ಯಾಕೇಜ್ ಉಪಕರಣವಾದ ಹೆಲ್ಮ್‌ನ ದಾಖಲೆಗಳನ್ನೂ ಓದುತ್ತವೆ. ಆದರೆ ಇವು ಬರೆದಿಟ್ಟದ್ದನ್ನು ಮಾತ್ರ ನೋಡುತ್ತವೆ. ಓಡುವ ಕೋಡಿನ ಕರೆಗಳಿಗೆ ಆಡಿಟ್ ಲಾಗ್ ಬೇಕೇ ಬೇಕು.

ಇಷ್ಟು ದಿನ ಎಚ್ಚರಿಕೆ ಯಾಕೆ ಕಾಣಲಿಲ್ಲ ಅಂತ ಕೇಳುತ್ತಾರೆ. ಕಂಡಿತ್ತು. 1.19ರಿಂದ ಸರ್ವರ್ ಹಳೆ ಆವೃತ್ತಿಯ ಪ್ರತಿ ಕರೆಗೂ ಉತ್ತರದಲ್ಲಿ 299 ಸಂಖ್ಯೆಯ ವಾರ್ನಿಂಗ್ ಹೆಡರ್ ಕಳಿಸುತ್ತದೆ. ಯಾವ ಬಿಡುಗಡೆಯಲ್ಲಿ ತೆಗೆಯುತ್ತಾರೆ, ಬದಲಿಗೆ ಯಾವುದನ್ನು ಬಳಸಬೇಕು ಎಂದೂ ಅದರಲ್ಲಿ ಬರೆದಿರುತ್ತದೆ. ಕ್ಯೂಬ್‌ಸಿಟಿಎಲ್ ಅದನ್ನು ತೋರಿಸುತ್ತದೆ. ಆದರೆ ಪಾಸ್ ಆದ ಪೈಪ್‌ಲೈನ್ ಲಾಗ್ ಯಾರೂ ತೆರೆಯುವುದಿಲ್ಲ. ‘ವಾರ್ನಿಂಗ್ಸ್-ಆ್ಯಸ್-ಎರರ್ಸ್’ ಎಂಬ ಆಯ್ಕೆ ಇದೆ, ಅದನ್ನು ಟೆಸ್ಟ್ ಪರಿಸರದ ಪೈಪ್‌ಲೈನಿಗೆ ಸೇರಿಸಿ. ಎಚ್ಚರಿಕೆ ಬಂದರೆ ಬಿಲ್ಡ್ ಬೀಳುತ್ತದೆ. ತೆಗೆಯುವ ದಿನಕ್ಕೆ ತಿಂಗಳುಗಟ್ಟಲೆ ಮೊದಲೇ ಬೀಳುವುದು ಒಳ್ಳೆಯದು.

ಹೆಲ್ಮ್ ಚಾರ್ಟ್ ಸರಿ ಇದೆ, ಆದರೂ ಅದೇ ಎರರ್

ಇದು ತುಂಬಾ ಜನರ ತಲೆ ತಿನ್ನುತ್ತದೆ. ಚಾರ್ಟ್‌ನಲ್ಲಿ, ಅಂದರೆ ಹೆಲ್ಮ್ ಪ್ಯಾಕೇಜಿನಲ್ಲಿ, ಹಳೆ ಆವೃತ್ತಿ ಎಲ್ಲೂ ಇಲ್ಲ. ಟೆಂಪ್ಲೇಟ್ ಓಡಿಸಿ ನೋಡಿದರೆ ವಿ1 ಬರುತ್ತದೆ. ಆದರೂ ‘ಹೆಲ್ಮ್ ಅಪ್‌ಗ್ರೇಡ್’ ಕೊಟ್ಟರೆ ‘ಅನೇಬಲ್ ಟು ಬಿಲ್ಡ್ ಕುಬರ್ನೆಟಿಸ್ ಆಬ್ಜೆಕ್ಟ್ಸ್ ಫ್ರಮ್ ಕರೆಂಟ್ ರಿಲೀಸ್ ಮ್ಯಾನಿಫೆಸ್ಟ್’ ಎನ್ನುತ್ತದೆ.

ಸುಳಿವು ಆ ಎರರ್‌ನಲ್ಲೇ ಇದೆ. ‘ಕರೆಂಟ್ ರಿಲೀಸ್’ ಅಂದರೆ ಕಳೆದ ಸಲ ಹಾಕಿದ್ದು. ಹೆಲ್ಮ್ 3 ಪ್ರತಿ ರಿಲೀಸಿನ ಮ್ಯಾನಿಫೆಸ್ಟನ್ನು ಕ್ಲಸ್ಟರ್ ಒಳಗೆ ಒಂದು ಸೀಕ್ರೆಟ್ ಆಗಿ ಇಟ್ಟಿರುತ್ತದೆ. ಅಪ್‌ಗ್ರೇಡ್ ಮಾಡುವಾಗ ಕಳೆದ ಸಲದ್ದು, ಈ ಸಲದ್ದು, ಈಗ ಓಡುತ್ತಿರುವುದು ಈ ಮೂರನ್ನೂ ಹೋಲಿಸುತ್ತದೆ. ಕಳೆದ ಸಲದ ದಾಖಲೆಯಲ್ಲಿ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಇದೆ. ಆ ಹೆಸರು ಈಗ ಸರ್ವರ್‌ಗೆ ಗೊತ್ತಿಲ್ಲ. ಹೊಸ ಚಾರ್ಟ್ ಎಷ್ಟೇ ಸರಿ ಇದ್ದರೂ ಹೋಲಿಕೆಯ ಹಂತಕ್ಕೇ ಅದು ತಲುಪುವುದಿಲ್ಲ.

ಪರಿಹಾರ ಮ್ಯಾಪ್‌ಕ್ಯೂಬ್‌ಎಪಿಐಸ್ ಎಂಬ ಹೆಲ್ಮ್ ಪ್ಲಗಿನ್. ಅದು ದಾಖಲೆಯಲ್ಲಿನ ಹಳೆ ಆವೃತ್ತಿಗಳನ್ನು ಹೊಸದಕ್ಕೆ ಬದಲಿಸಿ ಒಂದು ಹೊಸ ರಿವಿಷನ್ ಬರೆಯುತ್ತದೆ. ಮೊದಲು ಡ್ರೈ ರನ್ ಮಾಡಿ, ಯಾವುದು ಬದಲಾಗುತ್ತದೆ ನೋಡಿ, ಆಮೇಲೆ ಓಡಿಸಿ. ಆ ಸೀಕ್ರೆಟನ್ನು ಕೈಯಾರೆ ಬಿಚ್ಚಿ ತಿದ್ದುವ ವಿಧಾನವೂ ಇದೆ. ಒಳಗಿರುವುದು ಜಿಜಿಪ್ ಮಾಡಿ ಬೇಸ್64ರಲ್ಲಿ ಸುತ್ತಿದ ಮಾಹಿತಿ, ಒಂದು ಅಕ್ಷರ ತಪ್ಪಿದರೂ ರಿಲೀಸೇ ಓದಲು ಬರುವುದಿಲ್ಲ. ಪ್ಲಗಿನ್ ಇರುವಾಗ ಆ ಸಾಹಸ ಬೇಡ.

ಇದನ್ನು ಸರಿಪಡಿಸಿದ ಮೇಲೂ ಹಿಂದಿನ ರಿವಿಷನ್‌ಗಳಲ್ಲಿ ಹಳೆ ಆವೃತ್ತಿ ಉಳಿದಿರುತ್ತದೆ. ರಾತ್ರಿ ತುರ್ತಿನಲ್ಲಿ ಯಾರಾದರೂ ಅಲ್ಲಿಗೆ ರೋಲ್‌ಬ್ಯಾಕ್ ಕೊಟ್ಟರೆ ಮತ್ತೆ ಇದೇ ಎರರ್. ಯಾವ ರಿವಿಷನ್‌ವರೆಗೆ ರೋಲ್‌ಬ್ಯಾಕ್ ಮಾಡಬಹುದು ಅಂತ ರನ್‌ಬುಕ್‌ನಲ್ಲಿ ಬರೆದಿಡಿ.

ಸಾಲು ಬದಲಾಯಿತು, ನಡತೆಯೂ ಬದಲಾಯಿತು

ಈಗ ಎರಡನೇ ಪ್ರಶ್ನೆ. ಬೀಟಾದಿಂದ ವಿ1ಕ್ಕೆ ಬರುವಾಗ ಯೋಜನೆಯವರು ಹಳೆ ತಪ್ಪುಗಳನ್ನು ತಿದ್ದುತ್ತಾರೆ. ಬೀಟಾ ಇರುವುದೇ ಅದಕ್ಕೆ. ಹಾಗಾಗಿ ಫೀಲ್ಡ್‌ಗಳು, ಡೀಫಾಲ್ಟ್‌ಗಳು ಬದಲಾಗಿರುತ್ತವೆ.

ಇಂಗ್ರೆಸ್ ಇವುಗಳಲ್ಲಿ ಸಲೀಸು, ಯಾಕೆಂದರೆ ತಪ್ಪಿದರೆ ಕೂಡಲೇ ಎರರ್ ಕೊಡುತ್ತದೆ. ಸರ್ವೀಸ್‌ನೇಮ್ ಈಗ ಸರ್ವೀಸ್ ಒಳಗಿನ ನೇಮ್ ಆಗಿದೆ. ಪೋರ್ಟ್ ಸಂಖ್ಯೆಯಾದರೆ ನಂಬರ್, ಹೆಸರಾದರೆ ನೇಮ್. ಸ್ಪೆಕ್ ಕೆಳಗಿನ ಬ್ಯಾಕೆಂಡ್ ಈಗ ಡೀಫಾಲ್ಟ್ ಬ್ಯಾಕೆಂಡ್. ಪಾತ್ ಟೈಪ್ ಕಡ್ಡಾಯ. ಇಲ್ಲಿ ಹಲವರು ಕಣ್ಣು ಮುಚ್ಚಿ ‘ಪ್ರಿಫಿಕ್ಸ್’ ಹಾಕುತ್ತಾರೆ. ಬೀಟಾದಲ್ಲಿ ಡೀಫಾಲ್ಟ್ ಆಗಿದ್ದದ್ದು ‘ಇಂಪ್ಲಿಮೆಂಟೇಷನ್ ಸ್ಪೆಸಿಫಿಕ್’. ಮೊದಲು ಅದನ್ನೇ ಹಾಕಿ ಹಳೆ ನಡತೆ ಉಳಿಸಿಕೊಳ್ಳಿ. ಪ್ರಿಫಿಕ್ಸ್ ಬೇಕಿದ್ದರೆ ಬೇರೆ ಬದಲಾವಣೆಯಾಗಿ, ಟೆಸ್ಟ್ ಮಾಡಿ ಹಾಕಿ. ಒಂದೇ ಕಮಿಟ್‌ನಲ್ಲಿ ಎರಡನ್ನೂ ಮಾಡಿದರೆ, ಯಾವುದೋ ಯುಆರ್‌ಎಲ್ 404 ಕೊಟ್ಟಾಗ ಕಾರಣ ಯಾವುದು ಅಂತ ಹೇಳಲಾಗುವುದಿಲ್ಲ.

ಡಿಪ್ಲಾಯ್‌ಮೆಂಟ್‌ನಲ್ಲಿ ಸೆಲೆಕ್ಟರ್ (ಯಾವ ಪಾಡ್‌ಗಳು ತನ್ನವು ಎಂದು ಹೇಳುವ ಫೀಲ್ಡ್) ಕಡ್ಡಾಯ, ಒಮ್ಮೆ ಹಾಕಿದ ಮೇಲೆ ಬದಲಿಸಲಾಗದು. ಹಳೆ ಫೈಲಿನಲ್ಲಿ ಸೆಲೆಕ್ಟರ್ ಇಲ್ಲದಿದ್ದರೆ ಊಹಿಸಿ ಬರೆಯಬೇಡಿ. ಓಡುತ್ತಿರುವ ವಸ್ತುವಿನಿಂದ ಇದ್ದಂತೆಯೇ ನಕಲು ಮಾಡಿ. ಹಾಗೆಯೇ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಡೀಮನ್‌ಸೆಟ್ (ಪ್ರತಿ ನೋಡ್‌ನಲ್ಲಿ, ಅಂದರೆ ಯಂತ್ರದಲ್ಲಿ, ಒಂದು ಪಾಡ್ ಓಡಿಸುವುದು) ಡೀಫಾಲ್ಟ್ ಆಗಿ ‘ಆನ್ ಡಿಲೀಟ್’ ಇತ್ತು. ಅಂದರೆ ನೀವು ಪಾಡ್ ಅಳಿಸಿದಾಗ ಮಾತ್ರ ಹೊಸದು ಬರುತ್ತಿತ್ತು. ಆಪ್ಸ್/ವಿ1ರಲ್ಲಿ ಡೀಫಾಲ್ಟ್ ‘ರೋಲಿಂಗ್ ಅಪ್‌ಡೇಟ್’. ನೆಟ್‌ವರ್ಕ್ ಪ್ಲಗಿನ್‌ನಂಥದ್ದು ಡೀಮನ್‌ಸೆಟ್ ಆಗಿದ್ದರೆ, ಒಂದು ಇಮೇಜ್ ಬದಲಾವಣೆ ಎಲ್ಲ ನೋಡ್‌ಗಳಿಗೂ ತಾನಾಗಿ ಹರಡುತ್ತದೆ.

ಒಮ್ಮೆಗೆ ಎಷ್ಟು ಪಾಡ್‌ಗಳನ್ನು ತೆಗೆಯಬಹುದು ಎಂಬ ಮಿತಿ ಹಾಕುವ ಪಾಡ್ ಡಿಸ್ರಪ್ಷನ್ ಬಜೆಟ್‌ನಲ್ಲಿ ಅರ್ಥವೇ ತಿರುಗಿದೆ. ಖಾಲಿ ಸೆಲೆಕ್ಟರ್ ಬರೆದರೆ ಪಾಲಿಸಿ/ವಿ1ಬೀಟಾ1ರಲ್ಲಿ ಯಾವ ಪಾಡ್ ಕೂಡ ಅದರಡಿ ಬರುತ್ತಿರಲಿಲ್ಲ. ಪಾಲಿಸಿ/ವಿ1ರಲ್ಲಿ ಆ ನೇಮ್‌ಸ್ಪೇಸಿನ (ಕ್ಲಸ್ಟರ್ ಒಳಗಿನ ವಿಭಾಗದ) ಎಲ್ಲ ಪಾಡ್‌ಗಳೂ ಬರುತ್ತವೆ. ಎರರ್ ಬರುವುದಿಲ್ಲ. ಮುಂದೆ ಎಂದೋ ನೋಡ್ ಡ್ರೈನ್ ಮಾಡುವಾಗ, ಅಂದರೆ ಅಲ್ಲಿನ ಪಾಡ್‌ಗಳನ್ನು ಖಾಲಿ ಮಾಡುವಾಗ, ಅದು ಮುಗಿಯದೆಯೇ ಹೋಗಬಹುದು.

ನನಗೆ ಅತಿ ಅಪಾಯ ಅನಿಸುವುದು ವಸ್ತುಗಳನ್ನು ಒಳಗೆ ಬಿಡುವ ಮೊದಲು ಪರಿಶೀಲಿಸುವ ಅಡ್ಮಿಷನ್ ವೆಬ್‌ಹುಕ್. ಬೀಟಾದಲ್ಲಿ ಫೇಲ್ಯೂರ್ ಪಾಲಿಸಿಯ ಡೀಫಾಲ್ಟ್ ‘ಇಗ್ನೋರ್’. ವೆಬ್‌ಹುಕ್ ಬಿದ್ದಿದ್ದರೂ ಕೆಲಸ ನಡೆಯುತ್ತಿತ್ತು. ವಿ1ರಲ್ಲಿ ಡೀಫಾಲ್ಟ್ ‘ಫೇಲ್’. ಟೈಮ್‌ಔಟ್ ಕೂಡ 30 ಸೆಕೆಂಡಿನಿಂದ 10ಕ್ಕೆ ಇಳಿದಿದೆ. ವೆಬ್‌ಹುಕ್‌ನ ಪಾಡ್ ಬಿದ್ದರೆ ಅದು ಪರಿಶೀಲಿಸುವ ಎಲ್ಲ ವಸ್ತುಗಳ ಸೃಷ್ಟಿಯೂ ನಿಲ್ಲುತ್ತದೆ. ತನ್ನದೇ ಪಾಡ್‌ಗಳನ್ನೂ ಅದು ತಡೆಯುವಂತಿದ್ದರೆ ಮತ್ತೆ ಏಳುವುದಕ್ಕೇ ದಾರಿ ಇಲ್ಲ.

ಈ ದೋಷ ಕೂಡಲೇ ಕಾಣದಿರುವುದು ಇನ್ನೊಂದು ಕಷ್ಟ. ಹಳೆ ವಸ್ತು ಸೃಷ್ಟಿಯಾದಾಗಲೇ ‘ಇಗ್ನೋರ್’ ಎಂಬ ಡೀಫಾಲ್ಟ್ ಅದರೊಳಗೆ ಬರೆದುಹೋಗಿದೆ. ನೀವು ಆ ಫೀಲ್ಡ್ ಇಲ್ಲದ ವಿ1 ಫೈಲನ್ನು ಅದರ ಮೇಲೆ ಕ್ಯೂಬ್‌ಸಿಟಿಎಲ್ ಅಪ್ಲೈ ಮಾಡಿದರೆ, ಹಿಂದೆಯೂ ನೀವು ಬರೆದಿರಲಿಲ್ಲ, ಈಗಲೂ ಬರೆದಿಲ್ಲ. ಹಾಗಾಗಿ ಅದು ಮುಟ್ಟದೆ ಬಿಡುತ್ತದೆ. ಎಲ್ಲಾ ಮೊದಲಿನಂತೆಯೇ ನಡೆಯುತ್ತದೆ. ಆರು ತಿಂಗಳ ಮೇಲೆ ಅದೇ ಫೈಲಿನಿಂದ ಹೊಸ ಕ್ಲಸ್ಟರ್ ಕಟ್ಟಿದಾಗ ಅಲ್ಲಿ ‘ಫೇಲ್’ ಬರುತ್ತದೆ. ಒಂದೇ ಫೈಲ್, ಎರಡು ಕ್ಲಸ್ಟರ್, ಎರಡು ನಡತೆ. ಇದರಿಂದ ಪಾರಾಗಲು ಡೀಫಾಲ್ಟ್ ಬದಲಾದ ಪ್ರತಿ ಫೀಲ್ಡನ್ನೂ ಫೈಲಿನಲ್ಲಿ ಬಾಯಿಬಿಟ್ಟು ಬರೆಯಿರಿ. ಮತ್ತೆ, ಬದಲಿಸಿದ ಫೈಲುಗಳನ್ನು ಖಾಲಿ ಕ್ಲಸ್ಟರ್ ಮೇಲೆ ಒಮ್ಮೆ ಹಾಕಿ ನೋಡಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಆ ವೆಬ್‌ಹುಕ್ ಕಾನ್ಫಿಗರೇಷನ್ ವಸ್ತುವನ್ನು ತಾತ್ಕಾಲಿಕವಾಗಿ ಅಳಿಸಿ, ಪಾಡ್‌ಗಳು ಎದ್ದ ಮೇಲೆ ಮತ್ತೆ ಹಾಕಿ. ಕ್ಯೂಬ್-ಸಿಸ್ಟಮ್ ಮತ್ತು ವೆಬ್‌ಹುಕ್‌ನದೇ ನೇಮ್‌ಸ್ಪೇಸನ್ನು ನೇಮ್‌ಸ್ಪೇಸ್ ಸೆಲೆಕ್ಟರಿನಿಂದ ಹೊರಗಿಡಿ.

ಕ್ರಾನ್‌ಜಾಬ್‌ನಲ್ಲಿ ಚಿಂತೆ ಇಲ್ಲ. ಬ್ಯಾಚ್/ವಿ1 ಎಂದು ಬದಲಿಸಿದರೆ ಆಯಿತು.

ಎರರ್ ಇಲ್ಲದ ದೋಷ

ಪಾಡ್ ಸೆಕ್ಯುರಿಟಿ ಪಾಲಿಸಿಯನ್ನು ಬೇರೆಯಾಗಿ ಹೇಳಬೇಕು. ಅದು ಕೊನೆವರೆಗೂ ಬೀಟಾ ಆಗಿಯೇ ಉಳಿಯಿತು. 2021ರ 1.21ರಲ್ಲಿ ಡೆಪ್ರಿಕೇಟ್ ಆಯಿತು, 1.25ರಲ್ಲಿ ಹೋಯಿತು. ಅದಕ್ಕೆ ವಿ1 ಇಲ್ಲ. ಸಾಲು ಬದಲಿಸಲು ಏನೂ ಇಲ್ಲ. ಮ್ಯಾನಿಫೆಸ್ಟ್‌ನಿಂದ ಅದನ್ನು ತೆಗೆದರೆ ಡಿಪ್ಲಾಯ್ ಪಾಸ್ ಆಗುತ್ತದೆ, ಎಲ್ಲರೂ ನೆಮ್ಮದಿಯಾಗುತ್ತಾರೆ. ಆದರೆ ಪ್ರಿವಿಲೆಜ್ಡ್ ಪಾಡ್‌ಗಳನ್ನು ತಡೆಯುತ್ತಿದ್ದ ಕಾವಲು ಈಗ ಇಲ್ಲ. ಯಾವ ಲಾಗ್‌ನಲ್ಲೂ ಇದು ಕಾಣುವುದಿಲ್ಲ.

ಬದಲಿ ಪಾಡ್ ಸೆಕ್ಯುರಿಟಿ ಅಡ್ಮಿಷನ್. ನೇಮ್‌ಸ್ಪೇಸ್ ಮೇಲೆ ಲೇಬಲ್ ಹಾಕಿ ಪ್ರಿವಿಲೆಜ್ಡ್, ಬೇಸ್‌ಲೈನ್, ರಿಸ್ಟ್ರಿಕ್ಟೆಡ್ ಎಂಬ ಮೂರು ಮಟ್ಟಗಳಲ್ಲಿ ಒಂದನ್ನು ಆರಿಸುತ್ತೀರಿ. ಮೊದಲು ವಾರ್ನ್ ಮತ್ತು ಆಡಿಟ್ ಲೇಬಲ್ ಹಾಕಿ, ಯಾವ ಪಾಡ್ ನಿಯಮ ಮೀರುತ್ತಿದೆ ನೋಡಿ. ಸರಿಪಡಿಸಿದ ಮೇಲೆ ಎನ್‌ಫೋರ್ಸ್. ಈ ಕೆಲಸ 1.25ಕ್ಕೆ ಹೋಗುವ ಮೊದಲೇ ಆಗಬೇಕು. ಈಗಾಗಲೇ ದಾಟಿಬಿಟ್ಟಿದ್ದರೆ, ಎನ್‌ಫೋರ್ಸ್ ಲೇಬಲ್ ಇಲ್ಲದ ನೇಮ್‌ಸ್ಪೇಸ್‌ಗಳ ಪಟ್ಟಿ ಇವತ್ತೇ ತೆಗೆಯಿರಿ.

ಮುಂದಿನ ಅಪ್‌ಗ್ರೇಡಿಗೆ ಮೊದಲು ಪರೀಕ್ಷೆ

ಎಪಿಐ ಸರ್ವರ್ ನಿಮ್ಮ ಕೈಯಲ್ಲಿದ್ದರೆ ‘ರಂಟೈಮ್-ಕಾನ್ಫಿಗ್’ ಎಂಬ ಆಯ್ಕೆ ಬಹಳ ಉಪಯೋಗಕ್ಕೆ ಬರುತ್ತದೆ. ಟೆಸ್ಟ್ ಕ್ಲಸ್ಟರಿನಲ್ಲಿ, ಇನ್ನೂ ಹಳೆ ಕುಬರ್ನೆಟಿಸ್ ಇರುವಾಗಲೇ, ತೆಗೆಯಲಿರುವ ಆವೃತ್ತಿಯನ್ನು ‘ಫಾಲ್ಸ್’ ಮಾಡಿ ಆಫ್ ಮಾಡಿ. ಅಪ್‌ಗ್ರೇಡ್ ಮಾಡದೆಯೇ ಅಪ್‌ಗ್ರೇಡ್ ನಂತರದ ಸ್ಥಿತಿ ಕಾಣುತ್ತದೆ. ಏನು ಕೆಟ್ಟಿತೋ ಅದೇ ನಿಮ್ಮ ಪಟ್ಟಿ. ಬೇಡ ಅನಿಸಿದರೆ ಮತ್ತೆ ಆನ್. 1.16ರ ಕಾಲದಲ್ಲಿ ಇದೇ ಆಯ್ಕೆಯಿಂದ ಹಳೆಯದನ್ನು ಮತ್ತೆ ಆನ್ ಮಾಡಿಕೊಳ್ಳಲು ಬರುತ್ತಿತ್ತು. 1.22ರಲ್ಲಿ ಹೋದವಕ್ಕೆ ಆ ದಾರಿ ಇಲ್ಲ, ಕೋಡೇ ಹೋಗಿದೆ.

ಕ್ಲೌಡ್ ಸೇವೆಯ ಕ್ಲಸ್ಟರ್ ಆದರೆ ಈ ಆಯ್ಕೆ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಆಗ ನಿಮ್ಮ ಲ್ಯಾಪ್‌ಟಾಪಿನಲ್ಲೇ ‘ಕೈಂಡ್’ ಎಂಬ ಉಪಕರಣದಿಂದ ಹೊಸ ಆವೃತ್ತಿಯ ಪುಟ್ಟ ಕ್ಲಸ್ಟರ್ ಎಬ್ಬಿಸಿ. ಬೇಕಾದ ಸಿಆರ್‌ಡಿ, ನೇಮ್‌ಸ್ಪೇಸ್ ಹಾಕಿ, ಎಲ್ಲ ಮ್ಯಾನಿಫೆಸ್ಟ್‌ಗಳನ್ನೂ ‘ಡ್ರೈ-ರನ್=ಸರ್ವರ್’ ಕೊಟ್ಟು ಅಪ್ಲೈ ಮಾಡಿ. ಕ್ಲೈಂಟ್ ಡ್ರೈ ರನ್ ಸಾಲದು. ಸರ್ವರ್ ಡ್ರೈ ರನ್‌ನಲ್ಲಿ ಮಾತ್ರ ಡೀಫಾಲ್ಟ್‌ಗಳು ತುಂಬಿದ ಉತ್ತರ ಸಿಗುತ್ತದೆ. ಆ ಉತ್ತರವನ್ನು ಹಳೆ ಕ್ಲಸ್ಟರಿನ ಯಾಮಲ್ ಜೊತೆ ಡಿಫ್ ಮಾಡಿ. ವೆಬ್‌ಹುಕ್‌ನ ‘ಫೇಲ್’ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹಳೆಯದು ಮತ್ತು ಹೊಸದು ಎರಡೂ ಇರುವ ಬಿಡುಗಡೆಗಳೇ ನಿಮ್ಮ ವಲಸೆಯ ಕಾಲ. ಇಂಗ್ರೆಸ್ ವಿ1 ಬಂದದ್ದು 1.19ರಲ್ಲಿ, ಬೀಟಾ ಹೋದದ್ದು 1.22ರಲ್ಲಿ. ನಡುವಿನ ಬಿಡುಗಡೆಗಳಲ್ಲಿ ಎರಡೂ ಕೆಲಸ ಮಾಡುತ್ತಿದ್ದವು. ನೀತಿ ಈಗ ಹೀಗಿದೆ. ಬೀಟಾ ಬಂದ ಮೇಲೆ 9 ತಿಂಗಳು ಅಥವಾ 3 ಬಿಡುಗಡೆ, ಯಾವುದು ಜಾಸ್ತಿಯೋ ಅಷ್ಟರೊಳಗೆ ಅದು ಡೆಪ್ರಿಕೇಟ್ ಆಗಬೇಕು. ಡೆಪ್ರಿಕೇಟ್ ಆದ ಮೇಲೆ ಮತ್ತೆ ಅಷ್ಟೇ ಕಾಲ ಅದನ್ನು ಕೊಡುತ್ತಿರಬೇಕು. ವಿ1ನಂಥ ಸ್ಥಿರ ಆವೃತ್ತಿಯನ್ನು ಅದೇ ಮೇಜರ್ ಆವೃತ್ತಿಯೊಳಗೆ ತೆಗೆಯುವಂತಿಲ್ಲ.

ಈ ಗಡುವು ಕಠಿಣ ಅನಿಸಬಹುದು. ಆದರೂ ನಾನು ಈ ಗಡುವನ್ನು ಪೂರ್ತಿ ಒಪ್ಪುತ್ತೇನೆ. ಇಂಗ್ರೆಸ್ 2015ರ 1.1ರಿಂದ 2020ರ 1.19ರವರೆಗೆ ಬೀಟಾ ಆಗಿಯೇ ಇತ್ತು. ಅಷ್ಟು ವರ್ಷ ಒಂದು ಎಪಿಐ ಆನ್ ಆಗಿದ್ದರೆ ಜನ ಅದರ ಮೇಲೆ ಪ್ರೊಡಕ್ಷನ್ ಕಟ್ಟಿಯೇ ಕಟ್ಟುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ತೆಗೆಯುವ ದಿನ ತಡವಾದಷ್ಟೂ ನೋವು ಜಾಸ್ತಿ.

ನೀವೇ ಎಪಿಐ ಕೊಡುವವರಾದರೆ

ಆಪರೇಟರ್ ಬರೆದು ಓಪನ್ ಸೋರ್ಸ್ ಮಾಡಿದವರಿಗೆ ಇದೇ ದೋಷ ಇನ್ನೊಂದು ರೂಪದಲ್ಲಿ ಬರುತ್ತದೆ. ಸಿಆರ್‌ಡಿಯಿಂದ ವಿ1ಬೀಟಾ1 ತೆಗೆದು ಅಪ್ಲೈ ಮಾಡಿದರೆ ‘ಸ್ಟೋರ್ಡ್‌ವರ್ಶನ್ಸ್: ಇನ್‌ವ್ಯಾಲಿಡ್ ವ್ಯಾಲ್ಯೂ’ ಎಂದು ಸರ್ವರ್ ತಿರಸ್ಕರಿಸುತ್ತದೆ. ಎಂದಾದರೂ ಆ ಆವೃತ್ತಿಯಲ್ಲಿ ವಸ್ತುಗಳು ಇಟಿಸಿಡಿಗೆ ಹೋಗಿದ್ದವು, ಈಗಲೂ ಇರಬಹುದು ಎಂಬುದು ಅದರ ಅರ್ಥ.

ಇಂಟರ್‌ನೆಟ್‌ನಲ್ಲಿ ಸಿಗುವ ಸುಲಭ ಉತ್ತರ ಎಂದರೆ ಸ್ಟೇಟಸ್ ಪ್ಯಾಚ್ ಮಾಡಿ ಆ ಹೆಸರು ಅಳಿಸಿಬಿಡುವುದು. ಅದನ್ನೊಂದೇ ಮಾಡಬೇಡಿ. ಹಳೆ ಆವೃತ್ತಿಯಲ್ಲಿ ಉಳಿದ ವಸ್ತುಗಳನ್ನು ಓದಲು ಬರದೆ ಹೋಗುತ್ತದೆ, ಅಳಿಸಲೂ ಬರುವುದಿಲ್ಲ. ಸರಿಯಾದ ಕ್ರಮ ಹೀಗೆ. ಹೊಸ ಆವೃತ್ತಿಯನ್ನು ಸ್ಟೋರೇಜ್ ಆವೃತ್ತಿ ಮಾಡಿ, ಹಳೆಯದನ್ನು ಇನ್ನೂ ಬಿಟ್ಟಿರಿ. ಇರುವ ಪ್ರತಿ ವಸ್ತುವನ್ನೂ ಓದಿ ಹಾಗೇ ಮತ್ತೆ ಬರೆಯಿರಿ. ಆಗ ಅವು ಹೊಸ ಆವೃತ್ತಿಯಲ್ಲಿ ಉಳಿಯುತ್ತವೆ. ಆಮೇಲೆ ಸ್ಟೇಟಸ್‌ನಿಂದ ಹಳೆ ಹೆಸರು ತೆಗೆಯಿರಿ. ಕೊನೆಗೆ ಸಿಆರ್‌ಡಿಯಿಂದ ಆ ಆವೃತ್ತಿಯನ್ನೇ ತೆಗೆಯಿರಿ.

ಕ್ಲಸ್ಟರಿನ ಸರ್ಟಿಫಿಕೇಟ್‌ಗಳನ್ನು ನೋಡಿಕೊಳ್ಳುವ ಸರ್ಟ್-ಮ್ಯಾನೇಜರ್ ಯೋಜನೆ ಇದನ್ನು ಬಳಕೆದಾರರ ಕಷ್ಟ ಅರಿತು ಮಾಡಿತು. ವಿ1 ಸ್ಥಿರವಾದ ಮೇಲೆ ಅದರ 1.6 ಬಿಡುಗಡೆಯಲ್ಲಿ ಹಳೆ ಆಲ್ಫಾ, ಬೀಟಾ ಆವೃತ್ತಿಗಳನ್ನು ಕೊಡುವುದು ನಿಲ್ಲಿಸಿತು. ಆದರೆ ಸಿಆರ್‌ಡಿಯಲ್ಲಿ ಅವು ಇದ್ದವು. 1.7ರಲ್ಲಿ ಪೂರ್ತಿ ತೆಗೆಯಿತು. ಜೊತೆಗೆ ಮೇಲೆ ಹೇಳಿದ ಓದಿ-ಬರೆಯುವ ಕೆಲಸಕ್ಕೆ ತನ್ನ ಕಮಾಂಡ್ ಲೈನ್ ಉಪಕರಣ ಸಿಎಮ್‌ಸಿಟಿಎಲ್‌ನಲ್ಲೇ ಒಂದು ಆದೇಶ ಕೊಟ್ಟಿತು. ನಿಮ್ಮ ಯೋಜನೆ ಚಿಕ್ಕದಿದ್ದರೂ ಈ ಎರಡು ಹಂತ ಇರಲಿ. ಮೊದಲ ಹಂತಕ್ಕೂ ಮುಂಚೆ ಸಿಆರ್‌ಡಿಯ ಆ ಆವೃತ್ತಿಗೆ ‘ಡೆಪ್ರಿಕೇಟೆಡ್: ಟ್ರೂ’ ಹಾಕಿ. ಡೆಪ್ರಿಕೇಷನ್ ವಾರ್ನಿಂಗ್ ಎಂಬ ಫೀಲ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ: ಯಾವ ಬಿಡುಗಡೆಯಲ್ಲಿ ಹೋಗುತ್ತದೆ, ಬದಲಿಗೆ ಏನು, ಯಾವ ಫೀಲ್ಡ್ ಬದಲಾಗಿದೆ. ಬಳಸುವವರ ಟರ್ಮಿನಲ್‌ನಲ್ಲಿ ಆ ಸಾಲು ಹಾಗೇ ಕಾಣುತ್ತದೆ. ಬಿಡುಗಡೆ ಟಿಪ್ಪಣಿ ಓದದವರಿಗೂ ಅದು ತಲುಪುತ್ತದೆ.

ತೆಗೆಯುವ ಬಿಡುಗಡೆಯನ್ನು ಟ್ಯಾಗ್ ಮಾಡುವ ಮುಂಚೆ ಒಂದು ಟೆಸ್ಟ್ ಸೇರಿಸಿ. ಹಳೆ ಆವೃತ್ತಿಯಲ್ಲಿ ವಸ್ತು ಸೃಷ್ಟಿಸಿ, ನಿಮ್ಮ ಆಪರೇಟರ್ ಅಪ್‌ಗ್ರೇಡ್ ಮಾಡಿ, ವಲಸೆ ಓಡಿಸಿ, ಹೊಸ ಆವೃತ್ತಿಯಲ್ಲಿ ಓದಿ ಪ್ರತಿ ಫೀಲ್ಡ್ ಹೋಲಿಸಿ. ನಂತರ ಸಿಆರ್‌ಡಿಯ ಸ್ಟೋರ್ಡ್‌ವರ್ಶನ್ಸ್‌ನಲ್ಲಿ ವಿ1 ಒಂದೇ ಇದೆಯಾ ನೋಡಿ. ಇದ್ದರೆ ಬಿಡುಗಡೆ ಮಾಡಿ.